ಮೂಸೆ ನಮ್ಮದು, ಮೀಸೆ ಅವರದು

ಗಂಡನ ತೋಳು ಬಿದ್ದ ಗಳಿಗೆಯಲ್ಲಿ ಮೂಸೆಯವಳು ಮಣ್ಣು ತುಳಿಯುತ್ತಿದ್ದಳು.

ಉಟ್ಟ ಬಟ್ಟೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಳು. ಮೊಣಕಾಲಿನ ತನಕ ಕರಿಮಣ್ಣು. ಹೊಟ್ಟು ಬೆರೆಸಿದ ಮಣ್ಣನ್ನು ಮೂರು ದಿನ ತುಳಿಯಬೇಕು. ಎರಡೇ ದಿನ ತುಳಿದರೆ ಮೂಸೆ ಬೆಂಕಿಯಲ್ಲಿ ಸೀಳುತ್ತದೆ. ನಾಲ್ಕು ದಿನ ತುಳಿದರೆ ತುಳಿಯುವವಳ ಹಿಮ್ಮಡಿ ಸೀಳುತ್ತದೆ. ಅವಳ ಹಿಮ್ಮಡಿಗಳು ಎಂದೋ ಸೀಳಿದ್ದವು. ಬಿರುಕಿನೊಳಗೆ ಸೇರಿದ ಮಣ್ಣು ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ.

ಮಗಳು ಓಡಿಬಂದಳು. ಹದಿನೆಂಟು ದಾಟಿದ ಗಟ್ಟಿ ಹುಡುಗಿ. ಯಾವುದಕ್ಕೂ ಓಡುವವಳಲ್ಲ.

"ಅಮ್ಮಾ, ಅಪ್ಪನ ಕೈ ತೆಗೆದುಬಿಟ್ರು."

"ಯಾವುದರಿಂದ ತೆಗೆದ್ರು?"

"ಮೈಯಿಂದ."

ಅವಳು ಮಣ್ಣಿನಿಂದ ಕಾಲು ಕಿತ್ತುಕೊಂಡು ಓಡಿದಳು.

ಅವರದು ಕುಲುಮೆಯವರ ಕೇರಿ. ಕೋಟೆಯ ಹೊರಗೆ, ಕಂದಕದ ಆಚೆ, ಗಾಳಿ ಹೊಗೆಯನ್ನು ಕೋಟೆಯ ಕಡೆಗೆ ಹೊತ್ತೊಯ್ಯದ ದಿಕ್ಕಿನಲ್ಲಿ ಅರವತ್ತು ಮಂದಿ ಬದುಕಿದ್ದರು. ಕೆಲಸವೇ ಅವರಿಗೆ ಹೆಸರು. ಮೂಸೆ ಮಾಡುವವಳು ಮೂಸೆಯವಳು. ತಿದಿ ಒತ್ತಿ ಬೆಂಕಿಗೆ ಗಾಳಿ ಊದುವ ಅವಳ ಗಂಡ ತಿದಿಯವನು. ಇದ್ದಿಲು ಸುಡುವ ಮುದುಕ ಇದ್ದಿಲಜ್ಜ. ಅವನೇ ಕೇರಿಗೆ ಹಿರಿಯ. ಅವರು ಮಾಡುತ್ತಿದ್ದುದು ಉಕ್ಕು. ಅಂಥ ಉಕ್ಕು ಸುತ್ತ ಏಳು ನಾಡಿನಲ್ಲಿ ಎಲ್ಲೂ ಇರಲಿಲ್ಲ. ಮೂಸೆಯೆಂದರೆ ಅಂಗೈ ಅಗಲದ ಮಣ್ಣಿನ ಕುಡಿಕೆ. ಅದರೊಳಗೆ ಕಬ್ಬಿಣದ ಚೂರು, ಕಟ್ಟಿಗೆಯ ಸಿಪ್ಪೆ, ಎರಡು ಹಸಿರೆಲೆ. ಬಾಯಿಗೆ ಮಣ್ಣಿನ ಮುಚ್ಚಳ. ಬೆಳಗಿನಿಂದ ಸಂಜೆಯವರೆಗೆ ಬೆಂಕಿ. ಆರಿದ ಮೇಲೆ ಮೂಸೆ ಒಡೆದರೆ ತಳದಲ್ಲಿ ಉಕ್ಕಿನ ಉಂಡೆ. ಆ ಉಂಡೆಯನ್ನು ಬಡಿದರೆ ಕತ್ತಿ. ಕತ್ತಿಗೆ ಹುಳಿನೀರು ಸವರಿದರೆ ಮೈತುಂಬ ಹರಿಯುವ ನೀರಿನಂಥ ಗೆರೆ. ಆ ಗೆರೆ ನೋಡುವುದಕ್ಕೇ ಸಮುದ್ರ ದಾಟಿ ಜನ ಬರುತ್ತಿದ್ದರು.

ಆದರೆ ಕುಲುಮೆಯವರು ಮುಗಿದ ಕತ್ತಿಯನ್ನು ಮುಟ್ಟುವ ಹಾಗಿರಲಿಲ್ಲ. ಕೋಟೆಯ ಬಾಗಿಲು ದಾಟುವ ಹಾಗೂ ಇರಲಿಲ್ಲ. ಬಾಗಿಲ ಹೊರಗೆ ಒಂದು ಚಪ್ಪಡಿ. ಉಂಡೆಯನ್ನು ಇಕ್ಕಳದಲ್ಲಿ ಹಿಡಿದು ಚಪ್ಪಡಿಯ ಮೇಲಿಟ್ಟು ಹತ್ತು ಹೆಜ್ಜೆ ಹಿಂದೆ ಸರಿಯಬೇಕು. ಒಳಗಿನವನು ಬಂದು ಮೂರು ಕೊಡ ನೀರು ಸುರಿದು ತೊಳೆದು ಒಯ್ಯುತ್ತಾನೆ. ಹಾಗೆ ತೊಳೆದ ಉಕ್ಕನ್ನು ಕೋಟೆಯ ಒಡೆಯ ಕಣ್ಣಿಗೊತ್ತಿಕೊಳ್ಳುತ್ತಾನೆ.

ಒಳಗೆ ಆಯುಧಶಾಲೆ. ಅದರ ಯಜಮಾನನಿಗೆ ಕಿವಿಯ ತನಕ ಮೀಸೆ. ಉಂಡೆ ಬಡಿಸಿ ಕತ್ತಿ ಮಾಡಿಸಿ, ಹಿಡಿಯ ಹತ್ತಿರ ತನ್ನ ಮುದ್ರೆ ಒತ್ತುತ್ತಿದ್ದ. ಬಂದವರೆದುರು ಮೀಸೆ ತಿರುವಿ, "ಹೊರಗಿನವರು ಮಣ್ಣು ಸುಡ್ತಾರೆ. ಉಕ್ಕಿಗೆ ಜೀವ ತುಂಬೋನು ನಾನು" ಎನ್ನುತ್ತಿದ್ದ. ಈ ಮಾತು ಕೇರಿಗೆ ತಲುಪಿದಾಗ ತಿದಿಯವನು ನಕ್ಕು ಅಂದಿದ್ದ: "ಮೂಸೆ ನಮ್ಮದು, ಮೀಸೆ ಅವರದು. ನಮ್ಮ ಕೈ ಕೆಸರು, ಅವರ ಬಾಯಿ ಮೊಸರು. ಗಾದೆ ಮಾಡಿದವನು ಎರಡೂ ಒಬ್ಬನದೇ ಅಂದ್ಕೊಂಡಿದ್ದ, ಪಾಪ." ಕೇರಿಯೆಲ್ಲ ನಕ್ಕಿತ್ತು. ನಗುವುದಕ್ಕೆ ಆಗ ಅವನಿಗೆ ಎರಡು ಕೈಗಳಿದ್ದವು.

ಆ ದಿನ ಆದದ್ದು ಇಷ್ಟು. ದೂರದೇಶದಿಂದ ಮೂವರು ಬಂದಿದ್ದರು. ಬಾಗಿಲ ಮುಂದಿನ ಬಯಲಿನಲ್ಲಿ ಹೊಸ ಕತ್ತಿಯ ಪರೀಕ್ಷೆ. ಮೀಸೆಯಜಮಾನ ಮೊದಲು ಗಾಳಿಯಲ್ಲಿ ತೇಲಿಬಿಟ್ಟ ಬಟ್ಟೆ ಕತ್ತರಿಸಿದ. ಆಮೇಲೆ ಟಗರಿನ ತಲೆಬುರುಡೆ. ಬಂದವರಲ್ಲಿ ಒಬ್ಬ, "ಸತ್ತ ಮೂಳೆ ಒಣಗಿರುತ್ತೆ. ಯಾರು ಬೇಕಾದ್ರೂ ಕತ್ತರಿಸ್ತಾರೆ" ಅಂದನಂತೆ. ಯಜಮಾನನಿಗೆ ಮುಖಭಂಗವಾಯಿತು. ಕಣ್ಣಾಡಿಸಿದ. ಚಪ್ಪಡಿಯ ಬಳಿ ತಿದಿಯವನು ಉಂಡೆ ಇಟ್ಟು ಹತ್ತು ಹೆಜ್ಜೆ ಹಿಂದೆ ಸರಿದು, ಇಕ್ಕಳ ಹಿಡಿದು ನಿಂತಿದ್ದ.

"ಅವನನ್ನ ತನ್ನಿ."

ಕಾವಲುಪಡೆಯ ಇಬ್ಬರು ಹಿಡಿದರು. ಹಿಡಿಯುವ ಮೊದಲು ಕೈಗೆ ಬಟ್ಟೆ ಸುತ್ತಿಕೊಂಡರು, ಮುಟ್ಟಬಾರದಲ್ಲ.

"ಕೈ ಚಾಚು."

ತಿದಿಯವನಿಗೆ ಅರ್ಥವಾಗಲಿಲ್ಲ. ಏನೋ ಕೊಡುತ್ತಾರೆ ಅಂದುಕೊಂಡ. ಬಲಗೈ ಚಾಚಿದ.

ಒಂದೇ ಏಟು. ಮೊಣಕೈ ಮೇಲೆ ನಾಲ್ಕು ಬೆರಳು. ಕತ್ತಿಯ ಮೇಲೆ ಒಂದು ಹನಿ ರಕ್ತವೂ ನಿಲ್ಲಲಿಲ್ಲವಂತೆ. ಬಂದವರು ಅದನ್ನು ನೋಡಿ ಆಹಾ ಅಂದರಂತೆ. ಕಾವಲಿನ ಮಿಕ್ಕ ಮೂವತ್ತೆಂಟು ಜನ ಸಾಲಾಗಿ ನಿಂತು ನೋಡಿದರು.

ಮೂಸೆಯವಳು ಹೋದಾಗ ಗಂಡ ಧೂಳಿನಲ್ಲಿ ಕೂತಿದ್ದ. ಎಡಗೈಯಿಂದ ಮೋಟು ಹಿಡಿದಿದ್ದ. ಬೆರಳ ಸಂದಿಯಿಂದ ರಕ್ತ ಚಿಮ್ಮುತ್ತಿತ್ತು. ಅವಳು ಸೊಂಟದ ಬಟ್ಟೆ ಹರಿದು ಬಿಗಿದಳು. ಬಯಲಿನ ಅಂಚಿನಲ್ಲಿ ಒಂದು ನಾಯಿ ಏನನ್ನೋ ಮೂಸುತ್ತಿತ್ತು. ನೋಡಿದಳು. ಕಲ್ಲು ಎತ್ತಿ ಹೊಡೆದಳು. ನಾಯಿ ಓಡಿತು. ಗಂಡನ ತೋಳನ್ನು ಎತ್ತಿಕೊಂಡಳು. ಇನ್ನೂ ಬೆಚ್ಚಗಿತ್ತು. ಇಪ್ಪತ್ತು ವರ್ಷ ತನ್ನ ಮೇಲೆ ಬಿದ್ದ ತೋಳು. ಇಷ್ಟು ಭಾರವಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಮೀಸೆಯಜಮಾನ ಕತ್ತಿ ಒರೆಸುತ್ತ ಅವಳ ಕಡೆ ನೋಡಿದ. ಕೋಪವಿರಲಿಲ್ಲ. ಉಪಕಾರ ಮಾಡಿದವನ ಮುಖ.

"ಅವನಿಗೆ ನೋವು ತಿಳಿದಿರಲ್ಲ ಬಿಡು. ಅಷ್ಟು ಹರಿತ. ಇವರಿಗೊಂದು ಕಂಬಳಿ ಕೊಡಿ."

ಒಬ್ಬ ಕಂಬಳಿ ಎಸೆದ. ಅದು ಅವಳ ಕಾಲ ಬಳಿ ಬಿತ್ತು. ಅವಳು ಅದನ್ನು ದಾಟಿಕೊಂಡು ಹೋದಳು.

ಗಂಡನನ್ನು ಮನೆಗೆ ತಂದು, ಕಬ್ಬಿಣ ಕೆಂಪಗೆ ಕಾಯಿಸಿ ಮೋಟಿಗೆ ತಾನೇ ಒತ್ತಿದಳು. ಮಗಳು ಅಪ್ಪನ ತಲೆ ಹಿಡಿದಳು. ತಿದಿಯವನು ಕೂಗಿದ ಕೂಗಿಗೆ ಕೇರಿಯ ಹಕ್ಕಿಗಳೆಲ್ಲ ಎದ್ದವು. ನೋವು ತಿಳಿದಿರಲ್ಲವಂತೆ. ಹರಿತವಂತೆ. ಆ ಮಾತು ಅವಳ ಕಿವಿಯೊಳಗೆ ಹುಳುವಿನ ಹಾಗೆ ಕೂತಿತು.

ತೋಳನ್ನು ಹಿತ್ತಿಲಲ್ಲಿ ಹೂಳಿದರು. ಇದ್ದಿಲಜ್ಜ ಬಂದು ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಸಹಿಸ್ಕೋ ತಾಯಿ. ಆನೆ ಜತೆ ಗುದ್ದಾಡಿದ್ರೆ ನಮ್ಮ ಮೂಳೆ ತಾನೇ ಮುರಿಯೋದು. ಜೀವ ಉಳೀತಲ್ಲ."

"ಹೂಂ ಅಜ್ಜ. ಉಳೀತು."

ಅವನು ಎದ್ದು ಹೋದ ಮೇಲೆ ಮಗಳು ಕೇಳಿದಳು: "ಸಹಿಸ್ಕೋತೀಯಾ?"

ಅವಳು ಮಣ್ಣು ತುಳಿಯಲು ಹೋದಳು. ಅವತ್ತಿಗೆ ಮಣ್ಣಿನ ಮೂರನೆಯ ದಿನ. ಬಿಟ್ಟರೆ ಕೆಡುತ್ತಿತ್ತು. ಸಿಟ್ಟು ಅವಳ ಕಾಲಿಗಿಳಿದಿತ್ತು. ಆ ದಿನದ ಮಣ್ಣು ಬೆಣ್ಣೆಯಾಯಿತು.

ತಿದಿಯವನು ಇಪ್ಪತ್ತು ದಿನ ಜ್ವರದಲ್ಲಿ ಬೆಂದ. ಇಪ್ಪತ್ತೊಂದನೆಯ ದಿನ ಗಂಜಿ ಕುಡಿದ. ಎಡಗೈಯಲ್ಲಿ ಬಟ್ಟಲು ಎತ್ತಿ ಅರ್ಧ ಎದೆಗೆ ಚೆಲ್ಲಿಕೊಂಡ. ಹೆಂಡತಿ ಒರೆಸಲು ಬಂದರೆ ಕೈ ತಳ್ಳಿದ.

"ಬಲಗೈ ಕಿರುಬೆರಳು ಕೆರೀತಿದೆ ಕಣೇ."

"ಅದು ಹಿತ್ತಿಲಲ್ಲಿದೆ."

"ಗೊತ್ತು. ಹೋಗಿ ಕೆರೆದು ಬಾ."

ಇಬ್ಬರೂ ನಕ್ಕರು. ನಗುತ್ತ ನಗುತ್ತ ಅವನು ಅತ್ತ. ಅವನು ಅತ್ತದ್ದನ್ನು ಅವಳು ಅದೇ ಮೊದಲು ನೋಡಿದ್ದು. ಎರಡು ತಿದಿಗಳನ್ನು ಎರಡು ಕೈಯಲ್ಲಿ ಒಂದರ ನಂತರ ಒಂದು ಒತ್ತಿ, ಬೆಳಗಿನಿಂದ ಸಂಜೆಯ ತನಕ ಬೆಂಕಿಯ ಉಸಿರು ನಿಲ್ಲದಂತೆ ನೋಡಿಕೊಂಡ ಗಂಡಸು. ಮೂಸೆಯನ್ನು ಇಕ್ಕಳದಲ್ಲಿ ಹಿಡಿದು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಗುಳುಗುಳು ಕೇಳಿ, ಕಬ್ಬಿಣ ಕರಗಿದೆಯೋ ಇಲ್ಲವೋ ಹೇಳುತ್ತಿದ್ದವನು. ಈಗ ತನ್ನ ಬಟ್ಟೆಯ ಗಂಟು ಕಟ್ಟಿಕೊಳ್ಳಲು ಮಗಳನ್ನು ಕರೆಯಬೇಕು. ಕರೆಯುವಾಗಲೆಲ್ಲ ಗೋಡೆಯ ಕಡೆ ನೋಡುತ್ತಿದ್ದ.

ಬೇಸಿಗೆ ಮುಗಿಯುವಾಗ ಕೋಟೆಯಿಂದ ಆಳು ಬಂದ. ಕಂದಕದ ಆಚೆ ನಿಂತು ಕೂಗಿದ: "ಒಡೆಯರ ಕಾವಲುಪಡೆಗೆ ನಲವತ್ತು ಹೊಸ ಕತ್ತಿ. ಚಳಿಗಾಲಕ್ಕೆ ಬೆಟ್ಟದ ಮೇಲಿನವರ ಮೇಲೆ ದಂಡು ಹೋಗುತ್ತೆ. ಚಳಿಗೆ ಮುಂಚೆ ನಲವತ್ತು ಉಂಡೆ ಬೇಕು. ಒಳ್ಳೇ ಉಂಡೆ. ಇಲ್ಲದಿದ್ರೆ ಮಿಕ್ಕ ಕೈಗಳನ್ನ ಲೆಕ್ಕ ಹಾಕ್ಕೊಳ್ಳಿ ಅಂದಿದ್ದಾರೆ ಯಜಮಾನರು."

ಕೇರಿ ತಲೆ ತಗ್ಗಿಸಿ ಕೇಳಿತು. ಮೂಸೆಯವಳು ಮಾತ್ರ ತಲೆ ತಗ್ಗಿಸಲಿಲ್ಲ. ಅವಳ ಕಿವಿಗೆ ಬಿದ್ದದ್ದು ಎರಡೇ ಮಾತು. ಚಳಿಗಾಲ. ಬೆಟ್ಟ.

ಅವಳ ಅಜ್ಜಿ ಅವಳಿಗೆ ಮೂಸೆ ಕಲಿಸುವಾಗ ಒಂದು ಮಾತು ಹೇಳಿದ್ದಳು. ಮೂಸೆಯ ಹತ್ತಿರ ಮೂಳೆ ಬರಬಾರದು. ಬೂದಿಯಾಗಿ ಕೂಡ ಬರಬಾರದು. ಬಂದರೆ ಉಕ್ಕು ಮೋಸ ಮಾಡುತ್ತದೆ. ನೋಡಲು ಎಲ್ಲಕ್ಕಿಂತ ಚೆಂದ, ಗೆರೆಗಳು ಎದ್ದು ಕಾಣುತ್ತವೆ. ಬಿಸಿಲಲ್ಲಿ ಬಗ್ಗಿಸಿದರೆ ಬಗ್ಗುತ್ತದೆ. ಆದರೆ ಅದು ಚಳಿಗೆ ಹೆದರುವ ಉಕ್ಕು. ಮೈ ಕೊರೆಯುವ ಚಳಿಯಲ್ಲಿ ಏಟು ಬಿದ್ದರೆ ಒಣ ಹಪ್ಪಳ. ಅಜ್ಜಿ ಇದನ್ನು ಎಚ್ಚರಿಕೆ ಎಂದು ಹೇಳಿದ್ದಳು. ಮೊಮ್ಮಗಳಿಗೆ ಈಗ ಅದು ಬೇರೆಯಾಗಿ ಕೇಳಿಸಿತು.

ಒಲೆಯ ಮುಂದೆ ಕೂತು ಗಂಡನಿಗೂ ಮಗಳಿಗೂ ಹೇಳಿದಳು. ತಿದಿಯವನು ಕೇಳಿದ:

"ಯಾವ ಮೂಳೆ ಹಾಕ್ತೀಯಾ?"

"ಚರ್ಮ ಹದ ಮಾಡೋರ ಹತ್ರ ದನದ ಮೂಳೆ ಇರುತ್ತೆ."

"ದನ ಏನು ಪಾಪ ಮಾಡಿತ್ತು?" ಮೋಟು ಎತ್ತಿ ಹಿತ್ತಿಲ ಕಡೆ ತೋರಿಸಿದ. "ನನ್ನ ತೋಳು ಅಲ್ಲಿ ಆರಾಮಾಗಿ ಮಲಗಿದೆ. ಹುಟ್ಟಿದಾಗಿಂದ ಒಂದು ದಿನ ಸುಮ್ನೆ ಮಲಗಿದ್ದಲ್ಲ ಅದು. ಎಬ್ಬಿಸಿ ಕೆಲಸಕ್ಕೆ ಹಚ್ಚು."

ಮಗಳು ಅಪ್ಪನನ್ನೂ ಅಮ್ಮನನ್ನೂ ನೋಡಿದಳು.

"ಅಮ್ಮಾ, ಸಾಯೋರು ಯಾರು?"

"ಹಿಡ್ಕೊಂಡಿದ್ದೋರು."

"ಹಿಡ್ಕೊಂಡಿದ್ದು ಇಬ್ಬರು. ಕತ್ತಿ ನಲವತ್ತು."

"ಮಿಕ್ಕೋರು ನೋಡ್ತಾ ನಿಂತಿದ್ರು."

"ನೋಡಿದ್ದಕ್ಕೆ ಸಾವಾ?"

ಮೂಸೆಯವಳು ಒಲೆಗೆ ಸೌದೆ ತಳ್ಳಿದಳು. "ಒಬ್ಬ, ಒಬ್ಬನಾದ್ರೂ ಬೇಡ ಅಂದಿದ್ರೆ, ನಾನು ಮೂವತ್ತೊಂಬತ್ತೇ ಮಾಡ್ತಿದ್ದೆ."

ಮಾರನೆಯ ದಿನ ನಡುಮಧ್ಯಾಹ್ನ, ಕೇರಿಯೆಲ್ಲ ನೆರಳಲ್ಲಿ ಬಿದ್ದುಕೊಂಡಿದ್ದಾಗ ತಾಯಿ ಮಗಳು ಗುಂಡಿ ಅಗೆದರು. ಮಣ್ಣು ಮಾಂಸವನ್ನು ತಿಂದು ಮುಗಿಸಿತ್ತು. ಮೂರು ಉದ್ದ ಮೂಳೆ, ಹಿಡಿ ತುಂಬ ಚಿಕ್ಕವು. ಮಗಳು ಬೆರಳಿನ ಮೂಳೆಗಳನ್ನು ಒಂದೊಂದೇ ಆರಿಸಿದಳು. ಒಂದನ್ನೂ ಬಿಡಲಿಲ್ಲ. ಸುಟ್ಟರು. ಬೀಸುವ ಕಲ್ಲಿಗೆ ಹಾಕಿದರು. ಬೂದಿ ಬೆಳ್ಳಗೆ, ನುಣ್ಣಗೆ, ಹಿಟ್ಟಿನ ಹಾಗೆ ಬಂತು. ಸಾಲದೆಂದು ತೋರಿದಾಗ ದನದ ಮೂಳೆಯನ್ನೂ ಬೀಸಿ ಬೆರೆಸಿದಳು. ಮೂಸೆಗೊಂದು ಚಿಟಿಕೆ, ಎಲೆಗಳ ನಡುವೆ. ಮುಚ್ಚಳ ಹಾಕಿ ಅಂಚಿಗೆ ಹಸಿ ಮಣ್ಣು ಒತ್ತಿದಳು. ಒತ್ತಿದ ಕಡೆಯೆಲ್ಲ ಅವಳ ಹೆಬ್ಬೆರಳಿನ ಗುರುತು. ಆ ಗುರುತು ಬೆಂಕಿಯಲ್ಲಿ ಬೆಂದು ಉಳಿಯುತ್ತದೆ. ಆದರೆ ಮೂಸೆ ಒಡೆದು ತಿಪ್ಪೆಗೆ ಹೋಗುತ್ತದೆ. ಅಲ್ಲಿ ಯಾರು ನೋಡುತ್ತಾರೆ?

ಬೆಂಕಿಯ ದಿನ ತಿದಿಯವನು ತಾನೇ ತಿದಿಗೆ ಕೂತ. ಬೇಡವೆಂದರೂ ಕೇಳಲಿಲ್ಲ. ಎಡಗೈಗೆ ಒಂದು ತಿದಿ, ಬಲಗಾಲಿಗೆ ಒಂದು ತಿದಿ. ಸೂರ್ಯ ಹುಟ್ಟಿದಾಗ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಬಲಗಾಲಿನ ಹಿಮ್ಮಡಿಯಿಂದ ರಕ್ತ ಬಂತು. ಹಲ್ಲು ಕಚ್ಚಿದ. ಕುಲುಮೆಯ ಬಾಯಿ ಕೆಂಪಿನಿಂದ ಹಳದಿಗೆ, ಹಳದಿಯಿಂದ ಬಿಳುಪಿಗೆ ತಿರುಗಿತು. ಅವನ ಎದೆಯ ಕೂದಲು ಸೀದು ವಾಸನೆ ಬಂತು. ಸಂಜೆ ಮಗಳು ಇಕ್ಕಳದಲ್ಲಿ ಒಂದು ಮೂಸೆ ಎತ್ತಿ ಅವನ ಕಿವಿಯ ಬಳಿ ಅಲ್ಲಾಡಿಸಿದಳು.

"ಕರಗಿದೆ," ಅಂದ. ಇನ್ನೊಮ್ಮೆ ಆಲಿಸಿ, "ನನ್ನ ಕೈ ಬೀಸಿ ಕರೀತಿದೆ" ಅಂದ.

ಮೂಸೆ ಒಡೆದಾಗ ಉಂಡೆಗಳ ನೆತ್ತಿಯ ಮೇಲೆ ನಕ್ಷತ್ರದಂತೆ ಗೆರೆಗಳು. ಅಷ್ಟು ಚೆಂದದ ಉಂಡೆಗಳನ್ನು ಅವಳು ತನ್ನ ಆಯುಷ್ಯದಲ್ಲಿ ಮಾಡಿರಲಿಲ್ಲ. ಇದ್ದಿಲಜ್ಜ ಒಂದನ್ನು ಕೈಯಲ್ಲಿ ಹಿಡಿದು, "ಇಂಥದ್ದು ಅವರಿಗೆ ಕೊಡೋಕೆ ಹೊಟ್ಟೆ ಉರಿಯುತ್ತೆ ತಾಯಿ" ಎಂದ. "ಕೊಡೋಣ ಅಜ್ಜ, ಉಣ್ಣಲಿ" ಎಂದಳು.

ಈ ಸಲ ಚಪ್ಪಡಿಯ ಮೇಲೆ ಉಂಡೆ ಇಟ್ಟವಳು ಅವಳೇ. ಇಕ್ಕಳದಲ್ಲಿ ಇಟ್ಟಳು. ಹತ್ತು ಹೆಜ್ಜೆ ಸರಿದಳು. ಮೂರು ಕೊಡ ನೀರು ಬಿತ್ತು. ನಲವತ್ತು ಸಲ.

ಕತ್ತಿಗಳು ಆದವು. ಆಯುಧಶಾಲೆಯೆಂದರೆ ಸದಾ ಬೆಂಕಿ ಉರಿಯುವ ಜಾಗ. ಅಲ್ಲಿ ಬಗ್ಗಿಸಿ ನೋಡಿದರು, ಬಗ್ಗಿ ಚಿಮ್ಮಿತು. ಹುಳಿನೀರು ಸವರಿದರು. ನೀರಿನ ಗೆರೆ ಹಿಂದೆಂದೂ ಕಾಣದಷ್ಟು ಎದ್ದು ನಿಂತಿತು. ಮೀಸೆಯಜಮಾನ ಬಾಗಿಲ ಮುಂದಿನ ಬಯಲಲ್ಲಿ ನಲವತ್ತು ಕತ್ತಿಗಳನ್ನು ಸಾಲಾಗಿ ಇಡಿಸಿ, ಊರಿನೆದುರು ಒಡೆಯನಿಗೆ ಕೈಮುಗಿದ. "ಇದು ನನ್ನ ಜೀವಮಾನದ ಕೆಲಸ. ಮಣ್ಣು ಸುಡೋರ ಕೈಯಿಂದ ಬಂದ ಕಸವನ್ನ ನಾನು ಹೀಗೆ ಮಾಡಿದೆ" ಎಂದ. ಒಡೆಯ ಕೊರಳಿನ ಸರ ತೆಗೆದು ಅವನಿಗೆ ಹಾಕಿದ. ಮೂಸೆಯವಳು ಕಂದಕದ ಆಚೆ ನಿಂತು ಎಲ್ಲ ಕೇಳಿಸಿಕೊಂಡಳು. ಒಂದಕ್ಷರ ಬಿಡದೆ ನೆನಪಿಟ್ಟುಕೊಂಡಳು.

ದಂಡು ಬೆಟ್ಟ ಹತ್ತಿತು. ಕಾವಲುಪಡೆಯ ನಲವತ್ತು ಜನ ಒಡೆಯನ ಸುತ್ತ. ಹಿಂದೆ, ಕೋಟೆಯ ಹಳೆಯ ಕತ್ತಿಗಳನ್ನು ಹೊತ್ತು, ನೇಗಿಲು ಬಿಟ್ಟು ಬಂದ ಜನ.

ಕೆಳಗೂ ಚಳಿ ಬಂತು. ಒಂದು ಬೆಳಗ್ಗೆ ನೀರಿನ ತೊಟ್ಟಿಯ ಮೇಲೆ ಗಾಜಿನಂಥ ಹೆಪ್ಪು ಕಟ್ಟಿತ್ತು. ಮೂಸೆಯವಳು ಅದಕ್ಕೆ ಬೆರಳಿನಿಂದ ಹೊಡೆದಳು. ಚಟ್ಟನೆ ಒಡೆಯಿತು. ಅವಳಿಗೆ ಹೊಟ್ಟೆ ತಣ್ಣಗಾಯಿತು. ಬೆಟ್ಟದ ಮೇಲೆ ಇನ್ನೆಷ್ಟಿರಬೇಕು?

ಎಂಟು ದಿನದ ಮೇಲೆ ಕೋಟೆಯೊಳಗಿಂದ ಅಳು ಕೇಳಿಸಿತು. ಮೊದಲು ಒಂದು ಮನೆ, ಆಮೇಲೆ ಬೀದಿ. ಗೋಡೆಗೆ ಕಿವಿಯಿಲ್ಲದಿದ್ದರೂ ಬಾಯಿ ಇತ್ತು. ಸುದ್ದಿ ಹೊರಗೆ ಬಂತು. ಮಂಜಿನ ಕಣಿವೆಯಲ್ಲಿ ಮೊದಲ ಏಟಿಗೇ ಹೊಸ ಕತ್ತಿಗಳು ಪಟಪಟನೆ ಮುರಿದವು. ಬೆಟ್ಟದವರು ಬರೀ ದೊಣ್ಣೆ ಕೊಡಲಿಯಲ್ಲಿ ಬಂದಿದ್ದರು. ಅಷ್ಟೇ ಸಾಕಾಯಿತು. ನೇಗಿಲಿನ ಜನ ಕತ್ತಿ ಬಿಸಾಡಿ ಓಡಿ ಮನೆ ಸೇರಿದರು. ಕಾವಲುಪಡೆ ಓಡಲಿಲ್ಲ. ನಲವತ್ತರಲ್ಲಿ ಇಪ್ಪತ್ತೊಂಬತ್ತು ಜನ ಅಲ್ಲೇ ಬಿದ್ದರು. ತಿದಿಯವನನ್ನು ಹಿಡಿದುಕೊಂಡಿದ್ದ ಇಬ್ಬರೂ ಅದರಲ್ಲಿದ್ದರು.

ಕೋಟೆಯ ಗೋಡೆಯ ಮೇಲೆ ಒಬ್ಬ ಮುದುಕಿ ಬಂದು ನಿಂತು, ಮಗನ ಹೆಸರು ಹಿಡಿದು ಬೆಟ್ಟದ ಕಡೆ ಕೂಗುತ್ತಿದ್ದಳು. ಇಡೀ ದಿನ ಕೂಗಿದಳು. ಮೂಸೆಯವಳು ಮಣ್ಣು ತುಳಿಯುತ್ತ ಕೇಳಿದಳು. ತನಗೆ ಅಯ್ಯೋ ಅನ್ನಿಸುತ್ತದೆಯೇ ಎಂದು ಒಳಗೆ ಹುಡುಕಿದಳು. ಅನ್ನಿಸಿತು. ಮುದುಕಿಯ ಬಗ್ಗೆ ಅನ್ನಿಸಿತು. ಮಗನ ಬಗ್ಗೆ ಅನ್ನಿಸಲಿಲ್ಲ. ಆದರೂ ಆ ದಿನ ಅವಳಿಗೆ ಗಂಜಿ ಇಳಿಯಲಿಲ್ಲ.

ಒಡೆಯ ಹನ್ನೊಂದು ಜನರೊಂದಿಗೆ ಹಿಂತಿರುಗಿದ. ಕೆನ್ನೆಯಿಂದ ದವಡೆಯ ತನಕ ಗಾಯ. ಬಂದ ಮೂರನೆಯ ದಿನ ಬೆಳಗ್ಗೆ ಕೇರಿಗೆ ಕರೆ ಬಂತು. ಎಲ್ಲರೂ ಬರಬೇಕು. ಒಳಗೆ.

"ಒಳಗಾ?" ಇದ್ದಿಲಜ್ಜ ಕೇಳಿದ.

"ಒಳಗೆ."

ಅರವತ್ತು ಜನ ಹೋದರು. ಕೆಲಸದಿಂದ ಎದ್ದು ಬಂದವರು ಕೈಯಲ್ಲಿದ್ದದ್ದನ್ನು ಹಿಡಿದುಕೊಂಡೇ ಬಂದಿದ್ದರು. ಇಕ್ಕಳ, ಸುತ್ತಿಗೆ, ಬೆಂಕಿ ಕೆದಕುವ ಉದ್ದ ಸರಳು. ಕೆಳಗೆ ಇಡಿ ಎನ್ನುವಷ್ಟು ಕಾವಲು ಬಾಗಿಲಲ್ಲಿ ಇರಲಿಲ್ಲ. ಮೂಸೆಯವಳು ಹೊಸ್ತಿಲು ದಾಟಿದಳು. ಒಳಗೆ ನೆಲಕ್ಕೆ ಕಲ್ಲು ಹಾಸಿದ್ದರು. ಅವಳ ಒಡಕು ಹಿಮ್ಮಡಿಗೆ ಅದು ನುಣ್ಣಗೆ ತಾಗಿತು. ಇಷ್ಟೇನಾ ಅಂದುಕೊಂಡಳು.

ಚೌಕದ ನಡುವೆ, ಹಿಂತಿರುಗಿದವರು ತಂದ ಮುರಿದ ಕತ್ತಿಗಳ ರಾಶಿ. ಒಡೆಯ ಎತ್ತರದ ಮೆಟ್ಟಿಲ ಮೇಲೆ ಕೂತಿದ್ದ. ಗಾಯಕ್ಕೆ ಕಟ್ಟಿದ ಬಟ್ಟೆ ಹಳದಿಯಾಗಿತ್ತು. ಮೀಸೆಯಜಮಾನ ಕೆಳಗೆ ನಿಂತಿದ್ದ. ಬರಿಗೊರಳು.

"ಈ ಕತ್ತಿ ಮಾಡಿದ್ದು ಯಾರು?" ಒಡೆಯ ಕೇಳಿದ.

"ಬಡಿದದ್ದು ನಾನು ಒಡೆಯಾ." ಯಜಮಾನ ಕೈಮುಗಿದ. "ಬಡಿದದ್ದು ಅಷ್ಟೇ. ಉಕ್ಕು ಇವರದು. ಉಕ್ಕಿನ ಗುಣ ಮೂಸೆಯಲ್ಲಿದೆ. ಮೂಸೆ ಇವಳದು." ಬೆರಳು ತೋರಿಸಿದ. "ಮಣ್ಣು ಇವಳದು, ಎಲೆ ಇವಳದು, ಹದ ಇವಳದು. ಇವಳಿಲ್ಲದೆ ಉಕ್ಕೇ ಇಲ್ಲ. ನಾನು ಏನೂ ಅಲ್ಲ ಒಡೆಯಾ, ನಾನು ಬರೀ ಸುತ್ತಿಗೆ!"

ಅವಳ ಅಜ್ಜಿ ಕೇಳಬೇಕಾಗಿದ್ದ ಮಾತು. ಅವಳ ತಾಯಿ ಕೇಳಬೇಕಾಗಿದ್ದ ಮಾತು. ಊರಿನ ನಡುವೆ, ಊರಿನೆದುರು, ಮೀಸೆಯ ಬಾಯಿಂದಲೇ ಬಂತು. ಈಗ ಬಂತು, ಕುತ್ತಿಗೆಗೆ ಬಂದಾಗ.

ಒಡೆಯ ಅವಳ ಕಡೆ ತಿರುಗಿದ. "ಏನಂತೀಯಾ?"

ಅವಳು ಕೈ ಕಟ್ಟಿ ನಿಂತಳು. ಮುಖವನ್ನು ಆದಷ್ಟು ಪೆದ್ದಾಗಿ ಮಾಡಿಕೊಂಡಳು. ಇಪ್ಪತ್ತು ವರ್ಷ ಅವರು ನೋಡಬೇಕೆಂದಿದ್ದ ಮುಖ.

"ನಾನಾ ಒಡೆಯಾ? ನಾವು ಮಣ್ಣು ಸುಡೋ ಜನ. ನಮಗೆ ಉಕ್ಕಿನ ವಿಚಾರ ಏನು ಗೊತ್ತು? ಯಜಮಾನರೇ ಹೇಳಿದ್ರಲ್ಲ, ಇದೇ ಊರಿನ ಮುಂದೆ. ಇದು ನನ್ನ ಜೀವಮಾನದ ಕೆಲಸ, ಕಸ ತಂದು ಹೀಗೆ ಮಾಡಿದೆ ಅಂತ. ಜೀವ ತುಂಬೋನು ನಾನು ಅಂತ. ಮುದ್ರೆ ನೋಡಿ. ನಾವು ಮಾಡಿದ್ದಾದ್ರೆ ನಮ್ಮ ಮುದ್ರೆ ಇರ್ತಿರಲಿಲ್ವಾ?"

ಒಡೆಯ ರಾಶಿಯಿಂದ ಒಂದು ಕತ್ತಿಯ ಹಿಡಿ ತರಿಸಿ ನೋಡಿದ. ಇನ್ನೊಂದು ನೋಡಿದ. ಪ್ರತಿಯೊಂದರ ಮೇಲೂ ಮುದ್ರೆ ಆಳವಾಗಿ, ಸ್ಪಷ್ಟವಾಗಿ ಕೂತಿತ್ತು.

"ಸುಳ್ಳು! ಅವಳು ಸುಳ್ಳು ಹೇಳ್ತಾಳೆ! ಅವಳಿಗೆ ಎಲ್ಲಾ ಗೊತ್ತು!" ಯಜಮಾನ ಕಿರುಚಿದ.

"ಅಂದ್ರೆ ಇಷ್ಟು ವರ್ಷ ನೀನು ಹೇಳಿದ್ದು ಸುಳ್ಳಾ?" ಒಡೆಯ ಕೇಳಿದ.

ಯಜಮಾನನ ಮುಂದೆ ಎರಡು ದಾರಿ, ಎರಡರ ಕೊನೆಯಲ್ಲೂ ಗುಂಡಿ.

"ಇವನ ಕೈ ತೆಗೀರಿ" ಎಂದ ಒಡೆಯ. ಕತ್ತಿ ಹುಡುಕಿದರು. ನೆಟ್ಟಗಿರುವ ಕತ್ತಿ ಸಿಗಲಿಲ್ಲ. ಅಡಿಗೆಮನೆಯಿಂದ ಸೌದೆ ಸೀಳುವ ಕೊಡಲಿ ತಂದರು. ಅದಕ್ಕೆ ಸಾಣೆ ಹಿಡಿದು ಎಷ್ಟೋ ಕಾಲವಾಗಿತ್ತು. ಮೊದಲ ಏಟಿಗೆ ಕೈ ಹೋಗಲಿಲ್ಲ. ಎರಡನೆಯದಕ್ಕೂ ಹೋಗಲಿಲ್ಲ. ಊರು ಮುಖ ತಿರುಗಿಸಿತು. ಮೂಸೆಯವಳು ಕಣ್ಣು ಮಿಟುಕಿಸಲಿಲ್ಲ. ಮಿಟುಕಿಸಿದರೆ ಎಲ್ಲಿ ತಪ್ಪಿಹೋಗುತ್ತದೋ ಎಂದು ನೋಡಿದಳು. ನಾಲ್ಕನೆಯ ಏಟಿಗೆ ಮುಗಿಯಿತು. ಪಕ್ಕದಲ್ಲಿ ನಿಂತಿದ್ದ ತಿದಿಯವನು ನಡುವೆಯೇ ತಲೆ ತಗ್ಗಿಸಿದ್ದ. ಅವನಿಗೆ ಆ ನೋವಿನ ಪರಿಚಯ ಇತ್ತು.

ಒಡೆಯ ಎದ್ದ. "ಮುಗೀತು. ಇನ್ನು ನೀವು ಹೋಗಿ ಕುಲುಮೆ ಹೊತ್ತಿಸಿ. ಬೆಟ್ಟದವರು ಬರೋ ಮುಂಚೆ ನನಗೆ ಕತ್ತಿ ಬೇಕು."

ಇಲ್ಲಿಗೆ ನಿಲ್ಲಿಸಬಹುದಿತ್ತು. ತಲೆ ತಗ್ಗಿಸಿ ಹೊರಗೆ ಹೋಗಬಹುದಿತ್ತು. ಆದರೆ ಪೆದ್ದು ಮುಖ ಅವಳಿಗೆ ಭಾರವಾಯಿತು. ಗೆದ್ದದ್ದು ತಾನು ಎಂದು ಸೋತವನಿಗೆ ಗೊತ್ತಾಗದಿದ್ದರೆ ಅದೆಂಥ ಗೆಲುವು?

ಬಿದ್ದು ಹೊರಳುತ್ತಿದ್ದ ಯಜಮಾನನ ಹತ್ತಿರ ಹೋದಳು. ಕುಕ್ಕರಿಸಿದಳು.

"ನೀನು ಹೇಳಿದ್ದು ನಿಜ. ಉಕ್ಕು ನಂದೇ. ಗೊತ್ತಿದ್ದೇ ಕೆಡಿಸಿದೆ." ಊರಿಗೆಲ್ಲ ಕೇಳುವಂತೆ ಹೇಳಿದಳು. "ಆ ನಲವತ್ತು ಕತ್ತಿಯೊಳಗೆ ನನ್ನ ಗಂಡನ ತೋಳಿದೆ. ಸುಟ್ಟು, ಬೀಸಿ, ಹಾಕಿದೆ. ನಿನ್ನ ಒಡೆಯ ಕಣ್ಣಿಗೊತ್ತಿಕೊಂಡಿದ್ದು ಅದನ್ನೇ. ಮೂರು ಕೊಡ ನೀರು ಸಾಲಲಿಲ್ಲ."

ಒಡೆಯನ ಗಾಯ ಬಿರಿದು ರಕ್ತ ಬಂತು. "ಹಿಡೀರಿ ಅವಳನ್ನ!"

ಹನ್ನೊಂದು ಜನ. ಒಬ್ಬನ ಕಾಲಿಗೆ ಬಟ್ಟೆ ಕಟ್ಟಿತ್ತು, ಒಬ್ಬನ ತಲೆಗೆ ಕಟ್ಟಿತ್ತು. ಸೊಂಟದಲ್ಲಿ ಬರೀ ಒರೆ. ಇದ್ದಿಲಜ್ಜ ಸರಳು ಊರಿಕೊಂಡು ಬಂದು ಮೂಸೆಯವಳ ಪಕ್ಕ ನಿಂತ. ಅವನ ಹಿಂದೆ ಒಬ್ಬ ಸುತ್ತಿಗೆಯವನು. ಅವನ ಹಿಂದೆ ಮಗಳು. ಆಮೇಲೆ ಎಲ್ಲರೂ. ಕೋಟೆಯೊಳಗೆ ಅವತ್ತು ಆ ಮೊಂಡು ಕೊಡಲಿ ಬಿಟ್ಟರೆ ಮುರಿಯದ ಕಬ್ಬಿಣ ಇದ್ದದ್ದು ಅವರ ಕೈಯಲ್ಲಿ ಮಾತ್ರ.

ಹನ್ನೊಂದು ಜನ ಕದಲಲಿಲ್ಲ.

"ಕುಲುಮೆ ಹೊತ್ತಿಸಲ್ಲ," ಅವಳು ಒಡೆಯನಿಗೆ ಹೇಳಿದಳು. ಇಕ್ಕಳವಿಲ್ಲ, ಹತ್ತು ಹೆಜ್ಜೆಯ ದೂರವಿಲ್ಲ. "ನಾಳೆಯೂ ಇಲ್ಲ. ನಾಡಿದ್ದೂ ಇಲ್ಲ. ಬೆಟ್ಟದವರು ಬರಲಿ. ನಿನ್ನ ಕೋಟೆ, ನಿನ್ನ ಕೈ. ನೀನೇ ಮಣ್ಣು ತುಳಿ. ಮೂರು ದಿನ ತುಳೀಬೇಕು."

ಅವರು ಬಂದ ಬಾಗಿಲಿನಿಂದಲೇ ಹೊರಗೆ ಹೋದರು. ಕೇರಿಗೆ ಬಂದು ಒಣಗಲು ಇಟ್ಟಿದ್ದ ಮೂಸೆಗಳನ್ನೆಲ್ಲ ಒಡೆದರು. ತಿದಿಗಳ ಚರ್ಮ ಬಿಚ್ಚಿ ಸುತ್ತಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಕೇರಿ ಖಾಲಿ.

ಬಹಳ ದೂರದ ಒಂದು ಊರಲ್ಲಿ ನೆಲೆ ನಿಂತರು. ಗುದ್ದಲಿ, ಕುಡುಗೋಲು, ಬಾಗಿಲ ಚಿಲಕ ಮಾಡಿದರು. ಸಾದಾ ಕಬ್ಬಿಣ. ತಿದಿಯವನು ಒಂಟಿ ಕೈಯಲ್ಲಿ ಒಂಟಿ ತಿದಿ ಒತ್ತುವುದನ್ನು ಕಲಿತ. ಮಗಳಿಗೆ ಮದುವೆಯಾಯಿತು, ಮಕ್ಕಳಾದವು. ಮೂಸೆಯವಳ ಹಿಮ್ಮಡಿಗಳು ಕೂಡಿಕೊಂಡವು.

ಒಂದು ದಿನ ಕುದುರೆಯ ಮೇಲೆ ಒಬ್ಬ ಬಂದ. ದೊಡ್ಡ ಮನೆತನದವನು, ಓದಿದವನು, ಮೆತ್ತಗಿನ ಮಾತು. ರೇಷ್ಮೆಯಲ್ಲಿ ಸುತ್ತಿದ ಹಳೆಯ ಕತ್ತಿಯೊಂದನ್ನು ಬಿಚ್ಚಿ ಜಗಲಿಯ ಮೇಲಿಟ್ಟ. ಮೈತುಂಬ ನೀರಿನ ಗೆರೆ.

"ಅಜ್ಜೀ, ಇಂಥ ಉಕ್ಕು ಹೇಗೆ ಮಾಡ್ತಾರೆ ಅಂತ ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಾ? ಹತ್ತು ಊರು ತಿರುಗಿದೆ. ಯಾವ ಮಣ್ಣು, ಎಷ್ಟು ಹೊತ್ತು ಬೆಂಕಿ, ಏನಾದ್ರೂ ಒಂದು ಸುಳಿವು ಸಿಕ್ಕಿದ್ರೂ ಸಾಕು."

"ಮುಟ್ಟಲಾ?"

"ಧಾರಾಳವಾಗಿ."

ಮುಗಿದ ಕತ್ತಿಯನ್ನು ಅವಳು ಹುಟ್ಟಿದ ಮೇಲೆ ಮೊದಲ ಸಲ ಮುಟ್ಟಿದಳು. ಮೊದಲಿನ ಕಾಲದ್ದು, ಮೋಸವಿಲ್ಲದ ಉಕ್ಕು. ಅವಳ ಅಜ್ಜಿಯ ಹದ. ಗೆರೆಯ ಮೇಲೆ ಹೆಬ್ಬೆರಳು ಎಳೆದಳು. ಎಷ್ಟು ತಣ್ಣಗಿತ್ತು. ಎಷ್ಟು ಚೆಂದ ಇತ್ತು.

"ಇಂಥ ವಿದ್ಯೆ ನಮಗೆಲ್ಲಿಂದ ಬರಬೇಕು ಸ್ವಾಮಿ," ಅಂದಳು. "ನಾವು ಗುದ್ದಲಿ ಮಾಡೋರು."

ಅವನು ನಿಟ್ಟುಸಿರು ಬಿಟ್ಟ. ವಿದ್ಯೆ ಸತ್ತೇಹೋಯಿತು ಎಂದು ತನ್ನಷ್ಟಕ್ಕೆ ಅಂದುಕೊಂಡು ಕತ್ತಿ ಸುತ್ತಿ ಹೊರಟ.

ಕುದುರೆ ತಿರುವಿನಲ್ಲಿ ಮರೆಯಾದ ಮೇಲೆ ಮಗಳು ಹೇಳಿದಳು: "ಅವನ ಮುಖ ನೋಡಿ ಪಾಪ ಅನ್ನಿಸ್ತಮ್ಮಾ. ಒಳ್ಳೆಯವನ ಹಾಗಿದ್ದ. ಹೇಳಬಹುದಿತ್ತು."

"ಹೇಳಬಹುದಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

ಮೂಸೆಯವಳು ಎದ್ದು, ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿದ್ದ ಗುದ್ದಲಿಯನ್ನು ಇಕ್ಕಳದಲ್ಲಿ ತಿರುಗಿಸಿ ಹಿಡಿದಳು.

"ಹೇಗೆ ಮಾಡ್ತಾರೆ ಅಂತ ಕೇಳಿದ. ಯಾರು ಮಾಡಿದ್ರು ಅಂತ ಕೇಳಲಿಲ್ಲ. ಹೊಡಿ, ಕಬ್ಬಿಣ ಆರ್ತಾ ಇದೆ."

ಮಗಳು ಸುತ್ತಿಗೆ ಎತ್ತಿದಳು.